ಸಹಾಯ ಬೇಕು: ಬಯಲು ರಂಗಮಂದಿರದಲ್ಲಿ ಮೊದಲ ನಾಟಕ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಂತರ ಕಾಲೇಜು ನಾಟಕೋತ್ಸವದಲ್ಲಿ ನಮ್ಮ ತಂಡ ಆಡುತ್ತಿದೆ. ಜಾಗ ಸಂಸ ಬಯಲು ರಂಗಮಂದಿರ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಹಿಂದೆ ಇದೆಯಲ್ವಾ, ಅದೇ.

ಇಷ್ಟು ದಿನ ಕ್ಲಾಸ್‌ರೂಮಲ್ಲಿ ಬೆಂಚು ಪಕ್ಕಕ್ಕೆ ತಳ್ಳಿ ರಿಹರ್ಸಲ್ ಮಾಡಿದ್ದೇವೆ. ಅಲ್ಲಿ ಪಿಸುಮಾತೂ ಕೇಳುತ್ತೆ. ಮೊನ್ನೆ ಸುಮ್ನೆ ಕಾಲೇಜು ಮೈದಾನದಲ್ಲಿ ಆಡಿ ನೋಡಿದೆವು. ಅಜ್ಜಿ ಪಾತ್ರದವಳು ಅಳುತ್ತಾ ಹೇಳುವ ಮಾತು ಮೂರನೇ ಸಾಲಿಗೇ ತಲುಪಲಿಲ್ಲ. ಜೋರಾಗಿ ಹೇಳು ಅಂದ್ರೆ ಅಜ್ಜಿ ಜಗಳಗಂಟಿ ಆಗಿಬಿಡುತ್ತಾಳೆ! ಮೈಕ್ ನೇತುಹಾಕಿದರೆ ಸರಿಹೋಗುತ್ತಾ, ಅಥವಾ ನಟರು ನಿಲ್ಲುವ ಜಾಗವನ್ನೇ ಬದಲಿಸಬೇಕಾ? ಅಲ್ಲಿ ಆಡಿದವರು ಯಾರಾದರೂ ಒಂದು ಸಂಜೆ ಬಂದು ನೋಡಿ ಹೇಳಿದರೆ ದೊಡ್ಡ ಉಪಕಾರ. ಕಾಫಿ, ಬಜ್ಜಿ ನಮ್ಮದು.

ಇನ್ನೊಂದು ವಿಷಯ. ಸೆಟ್ ಇಡೋದು, ತೆಗೆಯೋದು ಸೇರಿ 45 ನಿಮಿಷ ಕೊಟ್ಟಿದ್ದಾರೆ. ನಮ್ಮದು 52 ಆಗುತ್ತಿದೆ. ಯಾವ ದೃಶ್ಯಕ್ಕೆ ಕತ್ತರಿ ಹಾಕಬೇಕು ಅಂತ ನಾವೇ ಕಿತ್ತಾಡುತ್ತಿದ್ದೇವೆ, ಹೊರಗಿನವರ ಕಣ್ಣು ಬೇಕು.

ಯಾರ ಮನೆಯಲ್ಲಾದರೂ ಹಳೇ ಲಾಟೀನು, ಹಗ್ಗದ ಮಂಚ ಇದ್ದರೆ ಎರಡು ದಿನಕ್ಕೆ ಕೊಡಿ. ನಾವೇ ಬಂದು ಒಯ್ಯುತ್ತೇವೆ, ನಾವೇ ವಾಪಸ್ ತಂದಿಡುತ್ತೇವೆ. ಬಸವನಗುಡಿ, ಚಾಮರಾಜಪೇಟೆ ಕಡೆಯಾದರೆ ಇನ್ನೂ ಸುಲಭ. ಇಲ್ಲೇ ಮೆಸೇಜ್ ಮಾಡಿ.