ಸರ್ಪಸುತ್ತಿನ ಪೋಸ್ಟರ್, ನಾಗಬನದ ಬಾಕಿ ಮತ್ತು ನಮ್ಮ ತರವಾಡು ಗುಂಪು

ಬೊಂಬಾಯಿ ಚಿಕ್ಕಪ್ಪ ಶುಕ್ರವಾರ ಬೆಳಿಗ್ಗೆ ನಮ್ಮ ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ವಾಟ್ಸಾಪ್ ಗುಂಪಿಗೆ ಹಾಕಿದ ಫಾರ್ವರ್ಡ್ ಇದು:

"50 ದಾಟಿದವರೇ ಎಚ್ಚರ! ಸರ್ಪ ನಿಮ್ಮೊಳಗೇ ಮಲಗಿದೆ! 50 ದಾಟಿದ 90% ಜನರ ಮೈಯಲ್ಲಿ ಸರ್ಪಸುತ್ತಿನ ವೈರಸ್ ಇದೆ. ಹೆರಿಗೆ ನೋವಿಗಿಂತ ಜಾಸ್ತಿ ನೋವು! ಎರಡೇ ಡೋಸ್, 97% ರಕ್ಷಣೆ. ಮರೆವಿನ ಕಾಯಿಲೆಗೂ ತಡೆ. ಈ ಭಾನುವಾರ ಮಂಗಳೂರಿನಲ್ಲಿ ವಿಶೇಷ ಶಿಬಿರ. ದಂಪತಿಗಳಿಗೆ ರಿಯಾಯಿತಿ. ಹೆತ್ತವರ ಮೇಲೆ ಪ್ರೀತಿ ಇದ್ದರೆ ಇಂದೇ ಹೆಸರು ನೋಂದಾಯಿಸಿ."

ಜೊತೆಗೆ ಒಂದು ಚಿತ್ರ. ಅಜ್ಜನೊಬ್ಬನ ಸೊಂಟಕ್ಕೆ ನಾಗರಹಾವು ಸುತ್ತಿಕೊಂಡಿದೆ, ಹೆಡೆ ಇನ್ನೇನು ಬಾಲವನ್ನು ಮುಟ್ಟಬೇಕು. ಸುತ್ತು ಪೂರ್ತಿಯಾಗಿ ತಲೆ ಬಾಲ ಸೇರಿದರೆ ಮನುಷ್ಯ ಉಳಿಯುವುದಿಲ್ಲ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಅದೇ. ಪೋಸ್ಟರ್ ಮಾಡಿದವನಿಗೆ ಊರು ಚೆನ್ನಾಗಿ ಗೊತ್ತುಂಟು.

ಓದಲಿಕ್ಕೆ ಪುರುಸೊತ್ತು ಸಿಗುವ ಮೊದಲೇ ನಾಲ್ಕೈದು ಕೈಮುಗಿದ ಚಿತ್ರ ಬಂತು. ಒಬ್ಬರು "ಅಭಿನಂದನೆಗಳು" ಅಂತ ಹಾಕಿದರು. ಯಾಕೆ ಅಂತ ಅವರಿಗೇ ಗೊತ್ತು.

ಬೊಂಬಾಯಿ ಚಿಕ್ಕಪ್ಪ: ನಾವಿಬ್ಬರೂ ಇಲ್ಲಿ ತಗೊಂಡಾಯಿತು. ಊರಿನವರು ಮಾತ್ರ ಯಾವಾಗಲೂ ಲೇಟ್.

ದೊಡ್ಡಪ್ಪ: ಮೊದಲು ಆ ಚಿತ್ರ ಡಿಲೀಟ್ ಮಾಡು. ನಾಗನನ್ನು ಹೀಗೆಲ್ಲ ಜಾಹೀರಾತಿಗೆ ಹಾಕಬಾರದು. ಇದು ಸೂಜಿ ಚುಚ್ಚಿದರೆ ಹೋಗುವ ಸಂಗತಿ ಅಲ್ಲ. ನಮ್ಮ ಬನದ ಕಟ್ಟೆ ಬಿರುಕು ಬಿಟ್ಟಿದೆ, ನಾಗನಿಗೆ ಆಶ್ಲೇಷಾ ಬಲಿ ಪೂಜೆ ಮಾಡಿಸುವ ಅಂದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ಬೊಂಬಾಯಿಯಲ್ಲಿ ಕೂತು ಸಾವಿರ ಸಾವಿರ ಕೊಟ್ಟು ಇಂಜೆಕ್ಷನ್ ಚುಚ್ಚಿಸಿಕೊಳ್ಳಲಿಕ್ಕೆ ಆಗುತ್ತದೆ, ಬನದ ಪಾಲು ಕೊಡಲಿಕ್ಕೆ ಆಗುವುದಿಲ್ಲ.

ಬೊಂಬಾಯಿ ಚಿಕ್ಕಪ್ಪ: ಅಣ್ಣಾ, ಲೆಕ್ಕ ಕಳಿಸು ಅಂತ ಹೇಳಿ ಎಷ್ಟು ಸಮಯ ಆಯಿತು? ರಶೀದಿ ಪುಸ್ತಕ ಎಲ್ಲುಂಟು?

ಇಲ್ಲಿಗೆ ಲಸಿಕೆಯ ಕಥೆ ಮುಗಿಯಿತು ಅಂತ ನಾನು ಅಂದುಕೊಂಡೆ. ಆದರೆ ವಿದ್ಯಾ ಎದ್ದಿದ್ದಳು. ಮಣಿಪಾಲದಲ್ಲಿ ಓದುತ್ತಿದ್ದಾಳೆ. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೋ ಪ್ರಶಸ್ತಿ ಬಂದಿಲ್ಲ ಅಂತ ದೊಡ್ಡಪ್ಪನಿಗೆ ಎಲ್ಲರೆದುರು ಹೇಳಿದವಳು ಇವಳೇ. ಅದನ್ನು ದೊಡ್ಡಪ್ಪ ಇನ್ನೂ ಮರೆತಿಲ್ಲ.

ವಿದ್ಯಾ: ಚಿಕ್ಕಪ್ಪ, ಈ 90% ಎಲ್ಲಿಂದ ಬಂತು? ಮೂಲ ಯಾವುದು?

ಬೊಂಬಾಯಿ ಚಿಕ್ಕಪ್ಪ: ಕೆಳಗೆ ಆಸ್ಪತ್ರೆಯ ಹೆಸರು ಉಂಟಲ್ಲ, ಕಾಣುವುದಿಲ್ಲವಾ?

ವಿದ್ಯಾ: ಅದು ಮೂಲ ಅಲ್ಲ, ಅಂಗಡಿಯ ವಿಳಾಸ.

ದೊಡ್ಡಪ್ಪ: ಹಿರಿಯರ ಹತ್ತಿರ ಹೀಗಾ ಮಾತಾಡುವುದು?

ಐದು ನಿಮಿಷದ ಹಿಂದೆ ಇದೇ ಚಿಕ್ಕಪ್ಪನ ಮರ್ಯಾದೆ ತೆಗೆದವರು ಈಗ ಅವರ ಪರ ನಿಂತರು. ನಮ್ಮಲ್ಲಿ ಹೀಗೆಯೇ, ಅಣ್ಣ ತಮ್ಮ ಎಷ್ಟು ಬೇಕಾದರೂ ಜಗಳ ಆಡುತ್ತಾರೆ, ಮಧ್ಯ ಮಕ್ಕಳು ಬರಬಾರದು.

ಆಗ ಸುರತ್ಕಲ್ ಪ್ರಕಾಶಣ್ಣನ ಪ್ರವೇಶ. ಎಂಥ ಬೆಂಕಿ ಬಿದ್ದಿದ್ದರೂ ಅವನಿಗೆ ನೆನಪಾಗುವುದು ಬೇಸಿಗೆ ರಜೆ.

ಪ್ರಕಾಶಣ್ಣ: ಗುಳ್ಳೆ ಅಂದ ಕೂಡಲೇ ನೆನಪಾಯಿತು. ಆ ವರ್ಷ ರಜೆಯಲ್ಲಿ ನಮಗೆಲ್ಲ ಒಟ್ಟಿಗೆ ಚಿಕನ್ ಪಾಕ್ಸ್ ಬಂದು ಅಜ್ಜಿ ಉಪ್ಪರಿಗೆಯಲ್ಲಿ ಸಾಲಾಗಿ ಮಲಗಿಸಿದ್ದರು ಅಲ್ವಾ? ಕಹಿಬೇವಿನ ಸೊಪ್ಪು, ಬೊಂಡದ ನೀರು, ಗಂಜಿ. ಕೆಳಗೆ ಹಲಸಿನ ಹಣ್ಣು ಕೊಯ್ಯುವ ಪರಿಮಳ, ನಮಗೆ ಒಂದು ಸೊಳೆ ಇಲ್ಲ. ಎಂಥ ದಿನಗಳು ಮಾರಾಯ.

ವಿದ್ಯಾ: ಪ್ರಕಾಶಣ್ಣ, ನೀವು ಹೇಳುತ್ತಿರುವುದೂ ಇದೇ ವೈರಸ್. ಆಗ ಬಂದದ್ದು ಪೂರ್ತಿ ಹೋಗುವುದಿಲ್ಲ, ನರದ ಬುಡದಲ್ಲಿ ಸುಮ್ಮನೆ ಉಳಿದುಬಿಡುತ್ತದೆ. ವಯಸ್ಸಾಗಿ ಶಕ್ತಿ ಕಡಿಮೆಯಾದಾಗ ಕೆಲವರಲ್ಲಿ ಅದೇ ನರದ ದಾರಿಯಲ್ಲಿ ಹೊರಗೆ ಬರುತ್ತದೆ. ಅದಕ್ಕೇ ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ಏಳುವುದು. ತಲೆಯೂ ಇಲ್ಲ, ಬಾಲವೂ ಇಲ್ಲ. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬಂದವರೆಲ್ಲರ ಮೈಯಲ್ಲೂ ಅದು ಇರುತ್ತದೆ, ಹಾಗಾಗಿ 90% ಅಂತ ಬರೆದರೆ ದೊಡ್ಡ ಸುಳ್ಳೇನೂ ಅಲ್ಲ. ಆದರೆ ಮೈಯಲ್ಲಿ ಇರುವುದು ಬೇರೆ, ಸುತ್ತು ಏಳುವುದು ಬೇರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜಿನ ಪ್ರಕಾರ ಅಲ್ಲಿ ಇಡೀ ಜೀವಮಾನದಲ್ಲಿ ಮೂವರಲ್ಲಿ ಒಬ್ಬರಿಗೆ ಬರುತ್ತದೆ.

ಒಬ್ಬಳು ಅತ್ತಿಗೆ ಇದನ್ನು ಓದಿ "ಅಯ್ಯೋ, 90% ಜನರಿಗೆ ಬರುತ್ತದಾ?" ಅಂತ ಕೇಳಿದಳು. ಪೋಸ್ಟರಿಗೆ ಬೇಕಾದದ್ದು ಅಷ್ಟೇ.

ವಿದ್ಯಾ ಬಿಡಲಿಲ್ಲ. ಈ ಲಸಿಕೆಯ ದೊಡ್ಡ ಪ್ರಯೋಗದ ವರದಿ 2015ರಲ್ಲಿ ಬಂತು, 50 ದಾಟಿದ 15 ಸಾವಿರಕ್ಕೂ ಜಾಸ್ತಿ ಜನ ಅದರಲ್ಲಿದ್ದರು, ಖರ್ಚು ಹಾಕಿದ್ದು ತಯಾರಿಸಿದ ಕಂಪನಿಯೇ ಅಂತ ಬರೆದಳು. ಸುಮಾರು ಮೂರು ವರ್ಷ ನೋಡಿದಾಗ ಲಸಿಕೆ ಪಡೆದ 7,700ರಷ್ಟು ಜನರಲ್ಲಿ 6 ಮಂದಿಗೆ ಸುತ್ತು ಬಂತು. ಬರೀ ಉಪ್ಪುನೀರು ಚುಚ್ಚಿಸಿಕೊಂಡ ಅಷ್ಟೇ ಜನರಲ್ಲಿ 210 ಮಂದಿಗೆ. 97% ಅಂದರೆ ಇದು. ಲಸಿಕೆ ನಿಜವಾಗಿ ಗಟ್ಟಿಯಾದದ್ದೇ. ಆದರೆ ಲಸಿಕೆ ಇಲ್ಲದವರಲ್ಲೂ ಆ ಮೂರು ವರ್ಷದಲ್ಲಿ ಸುತ್ತು ಬಂದದ್ದು ನೂರರಲ್ಲಿ ಮೂವರಿಗೂ ಕಡಿಮೆ. ಲಸಿಕೆ ಪಡೆದ ನೂರರಲ್ಲಿ 17 ಮಂದಿಗೆ ಕೈನೋವು, ಜ್ವರ, ಮೈಕೈ ನೋವು ಬಂದು ದಿನದ ಕೆಲಸವೂ ಮಾಡಲಾಗದ ಹಾಗೆ ಆಗಿತ್ತು. "ಇದರಲ್ಲಿ ಯಾವುದಾದರೂ ಒಂದು ಪೋಸ್ಟರಿನಲ್ಲಿ ಉಂಟಾ?"

ಮರೆವಿನ ಸಾಲಿನ ಬಗ್ಗೆ ಅವಳಿಗೆ ಇನ್ನೂ ಸಿಟ್ಟು. ವೇಲ್ಸ್‌ನಲ್ಲಿ 1933ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಲಸಿಕೆ ಕೊಟ್ಟರು, ಅದಕ್ಕಿಂತ ಮೊದಲು ಹುಟ್ಟಿದವರಿಗೆ ಇಲ್ಲ. ಆ ಎರಡು ಗುಂಪನ್ನು ಹೋಲಿಸಿ ನೋಡಿದಾಗ ಲಸಿಕೆ ಪಡೆದವರಲ್ಲಿ ಮರೆವಿನ ಕಾಯಿಲೆ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ ಕಂಡಿತು, 2025ರಲ್ಲಿ ವರದಿ ಬಂತು. ಒಳ್ಳೆಯ ಸುದ್ದಿಯೇ. ಆದರೆ ಅಲ್ಲಿ ಕೊಟ್ಟದ್ದು ಹಳೆಯ ಬಗೆಯ ಲಸಿಕೆ, ಈಗ ಶಿಬಿರದಲ್ಲಿ ಕೊಡುವುದು ಬೇರೆ. "ತಡೆಯಬಹುದೋ ಏನೋ ಅಂತ ನೋಡುತ್ತಿರುವುದನ್ನು ತಡೆಯುತ್ತದೆ ಅಂತ ಬರೆದು ಮಾರುವುದು ಸರಿಯಾ?"

ಬೊಂಬಾಯಿ ಚಿಕ್ಕಪ್ಪ: ಹಾಗಾದರೆ ನಾನು ಮೂರ್ಖ, ಅಲ್ವಾ?

ಕುಂದಾಪುರ ಭಾವ: ಹಾಗೆ ಯಾರೂ ಹೇಳಲಿಲ್ಲ ಮಾವ.

ಭಾವ ಮೊದಲು ಮೆಡಿಕಲ್ ರೆಪ್ ಆಗಿದ್ದವರು. ಗುಂಪಿನಲ್ಲಿ ಔಷಧಿಯ ಮಾತು ಬಂದರೆ ಎಲ್ಲರೂ ಅವರನ್ನು ಕೇಳುತ್ತಾರೆ, ಹೇಳಿದ ಮೇಲೆ ಎಲ್ಲರೂ ಅವರನ್ನೇ ಸಂಶಯದಿಂದ ನೋಡುತ್ತಾರೆ.

ಕುಂದಾಪುರ ಭಾವ: ಡಾಕ್ಟರ್ ಚೀಟಿ ಬೇಕಾದ ಔಷಧಿಯನ್ನು ನಮ್ಮ ದೇಶದಲ್ಲಿ ಜನರಿಗೆ ನೇರ ಜಾಹೀರಾತು ಮಾಡುವ ಹಾಗಿಲ್ಲ. ಅಮೆರಿಕ, ನ್ಯೂಜಿಲೆಂಡ್‌ನಲ್ಲಿ ಬಿಡುತ್ತಾರೆ. ಅದಕ್ಕೆ ಇಲ್ಲಿ ಟಿವಿಯಲ್ಲಿ ರೋಗದ ಹೆಸರು ಹೇಳುತ್ತಾರೆ, ಲಸಿಕೆಯ ಹೆಸರು ಹೇಳುವುದಿಲ್ಲ, ಕೊನೆಗೆ ನಿಮ್ಮ ವೈದ್ಯರನ್ನು ಕೇಳಿ ಅಂತ ಬರುತ್ತದೆ. ಅದಕ್ಕೆ ಜಾಗೃತಿ ಅಂತ ಹೆಸರು. ಹೆದರಿಸುವ ಕೆಲಸ ಟಿವಿ ಮಾಡುತ್ತದೆ, ಹೆಸರು ಬರೆದುಕೊಳ್ಳುವ ಕೆಲಸ ಶಿಬಿರ ಮಾಡುತ್ತದೆ. ಎಂಆರ್‌ಪಿ ಬೇರೆ, ಆಸ್ಪತ್ರೆಗೆ ಬೀಳುವ ರೇಟ್ ಬೇರೆ. ರಿಯಾಯಿತಿ ಕೊಟ್ಟರೂ ಯಾರಿಗೂ ನಷ್ಟ ಇಲ್ಲ.

ಬೊಂಬಾಯಿ ಚಿಕ್ಕಪ್ಪ: ಪೋಲಿಯೋಗೂ ಜಾಹೀರಾತು ಇತ್ತಲ್ಲ. ಅಮಿತಾಬ್ ಬಚ್ಚನ್ ಟಿವಿಯಲ್ಲಿ ಬಂದು ಜೋರು ಮಾಡದಿದ್ದರೆ ಎಷ್ಟು ಜನ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು? 2011ರ ನಂತರ ದೇಶದಲ್ಲಿ ಮೂಲ (ವೈಲ್ಡ್) ಪೋಲಿಯೋ ವೈರಸ್‌ನ ಕೇಸೇ ಇಲ್ಲ. ಅದು ಸರಿ, ಇದು ತಪ್ಪಾ?

ನನಗೆ ಕೇಳಿದರೆ ಇಡೀ ದಿನದ ಒಳ್ಳೆಯ ಪ್ರಶ್ನೆ ಇದೊಂದೇ. ಲಸಿಕೆಯ ಬಗ್ಗೆ ಜೋರಾಗಿ ಹೇಳುವುದೇ ತಪ್ಪು ಅಂದರೆ ಅರ್ಧ ಜನರಿಗೆ ವಿಷಯವೇ ಗೊತ್ತಾಗುವುದಿಲ್ಲ. ಪೋಲಿಯೋ ಹನಿಗೆ ದುಡ್ಡು ಇರಲಿಲ್ಲ, ಬೂತ್‌ಗೆ ಹೋಗದಿದ್ದರೆ ಮನೆಬಾಗಿಲಿಗೇ ಬರುತ್ತಿದ್ದರು ಅಂತ ವಿದ್ಯಾ ಹೇಳಿದಳು. ಆ ಹನಿಯನ್ನೂ ಕಂಪನಿಗಳೇ ಮಾಡಿ ಸರಕಾರಕ್ಕೆ ಮಾರಿದ್ದು ಅಂತ ಭಾವ ಹೇಳಿದರು. ಎರಡೂ ನಿಜ. ಆದರೆ ಆ ಮಾತು ಮುಂದೆ ಹೋಗಲಿಲ್ಲ, ಯಾಕೆಂದರೆ ಭಾವನಿಗೆ 2021 ನೆನಪಾಯಿತು.

ಕುಂದಾಪುರ ಭಾವ: ಮಾವ, ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. 2021ರ ಮೇ ತಿಂಗಳಲ್ಲಿ ಕೋವಿಡ್ ಲಸಿಕೆ ತಗೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆ ಅಂತ ಇಲ್ಲಿ ಹಾಕಿದ್ದು ನೀವೇ. ನಾವು ಕೋವಿನ್‌ನಲ್ಲಿ ಸ್ಲಾಟ್‌ಗೆ ನಿದ್ರೆ ಬಿಟ್ಟು ಕೂತಿದ್ದೆವು. ಜೂನ್‌ನಲ್ಲಿ ನಿಮ್ಮ ಸೊಸೈಟಿ ಕ್ಯಾಂಪಿನಲ್ಲಿ 780 ರೂಪಾಯಿ ಕೊಟ್ಟು ತಗೊಂಡವರೂ ನೀವೇ. ಫೋಟೋ ಫೇಸ್‌ಬುಕ್‌ನಲ್ಲಿ ಈಗಲೂ ಉಂಟು.

ಪ್ರಕಾಶಣ್ಣ: ದೊಡ್ಡಪ್ಪ ಪೂನಂ ಪಾಂಡೆಗೆ ಓಂ ಶಾಂತಿ ಹಾಕಿದ್ದೂ ಉಂಟು.

2024ರ ಫೆಬ್ರವರಿ 2ಕ್ಕೆ ಆ ನಟಿ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಹೋದಳು ಅಂತ ಅವಳದೇ ಇನ್‌ಸ್ಟಾಗ್ರಾಂನಲ್ಲಿ ಬಂದಿತ್ತು. ಮರುದಿನ ಅವಳೇ ವಿಡಿಯೊದಲ್ಲಿ ಬಂದು, ಜಾಗೃತಿಗೆ ಹೀಗೆ ಮಾಡಿದ್ದು ಅಂದಳು. ದೊಡ್ಡಪ್ಪ ಆ ದಿನ ಅವಳ ಆತ್ಮಕ್ಕೆ ಸದ್ಗತಿ ಕೋರಿದ್ದರು. ಯಾರು ಅಂತ ಅವರಿಗೆ ಗೊತ್ತೇ ಇರಲಿಲ್ಲ.

ವಿದ್ಯಾ: ನಗುವ ವಿಷಯ ಅಲ್ಲ ಅದು. ಅದೇ ಕ್ಯಾನ್ಸರ್ ತಡೆಯುವ ಲಸಿಕೆಯನ್ನು 2009ರಲ್ಲಿ ಆಗ ಆಂಧ್ರದಲ್ಲಿದ್ದ ಖಮ್ಮಂನಲ್ಲಿ, ಗುಜರಾತಿನ ವಡೋದರದಲ್ಲಿ ಹುಡುಗಿಯರಿಗೆ ಕೊಟ್ಟರು. ಹಾಸ್ಟೆಲ್ ಮಕ್ಕಳ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮನ ಬದಲು ವಾರ್ಡನ್ ಸಹಿ ಹಾಕಿದ್ದು ಆಮೇಲೆ ಗೊತ್ತಾಯಿತು. ಕೆಲವು ಹುಡುಗಿಯರು ತೀರಿಕೊಂಡರು. ಅದಕ್ಕೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ. ಆದರೂ 2010ರಲ್ಲಿ ಎಲ್ಲ ನಿಲ್ಲಿಸಬೇಕಾಯಿತು. ಲಸಿಕೆ ಒಳ್ಳೆಯದೇ ಇತ್ತು. ಸರಿಯಾಗಿ ಕೇಳದೆ ಚುಚ್ಚಿದ್ದಕ್ಕೆ ಹೆಸರು ಕೆಟ್ಟಿತು.

ಇದಕ್ಕೆ ಬಂದ ಉತ್ತರ ಒಂದು ಹೆಬ್ಬೆರಳು, ಮತ್ತೆ ಬನದ ಕಟ್ಟೆಯ ಮೂರು ಫೋಟೋ.

ಮಧ್ಯಾಹ್ನ ಊಟ ಆದ ಮೇಲೆ ಕಟಪಾಡಿ ಅತ್ತೆ ಬರೆದರು. ಅವರು ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬರೆಯುವವರಲ್ಲ.

ಕಟಪಾಡಿ ಅತ್ತೆ: ನನ್ನ ಟೈಪಿಂಗ್ ನಿಧಾನ, ಮಧ್ಯ ಯಾರೂ ಬರಬೇಡಿ. ಇವರಿಗೆ ಸುತ್ತು ಬಂದಾಗ ಬಲಬದಿಗೆ ಬೆನ್ನಿನಿಂದ ಹೊಟ್ಟೆಯವರೆಗೆ ಗುಳ್ಳೆ. ಆಸ್ಪತ್ರೆ ಬೇಡ, ಕೆಮ್ಮಣ್ಣು ಹಚ್ಚುವವರು ಇದ್ದಾರೆ ಅಂತ ಅಣ್ಣ ಕರೆದುಕೊಂಡು ಹೋದ. ಒಂದು ವಾರ ಸ್ನಾನ ಇಲ್ಲ, ಉಪ್ಪು ಹುಳಿ ಇಲ್ಲ. ಆಮೇಲೆ ಡಾಕ್ಟರ್ ಹೇಳಿದ್ದು, ಮೂರು ದಿನದೊಳಗೆ ಬಂದಿದ್ದರೆ ಮಾತ್ರೆ ಚೆನ್ನಾಗಿ ಹಿಡಿಯುತ್ತಿತ್ತು ಅಂತ. ಗುಳ್ಳೆ ಒಣಗಿತು, ನೋವು ಹೋಗಲಿಲ್ಲ. ಮಳೆಗಾಲ ಪೂರ್ತಿ ಬನಿಯನ್ ಹಾಕಲಿಕ್ಕೆ ಆಗಲಿಲ್ಲ. ಬೈರಾಸಿನ ಅಂಚು ತಾಗಿದರೆ ಹಾರಿ ಬೀಳುತ್ತಿದ್ದರು. ಫ್ಯಾನಿನ ಗಾಳಿಗೂ ಉರಿ. ಮಲಗಿದರೆ ಹಾಸಿಗೆ ತಾಗುತ್ತದೆ ಅಂತ ರಾತ್ರಿ ಚಾವಡಿಯ ಕಂಬ ಹಿಡಿದು ನಿಂತಿರುತ್ತಿದ್ದರು. ಎರಡು ಹೆತ್ತವಳು ನಾನು, ಅವರನ್ನು ನೋಡಿದವಳೂ ನಾನೇ. ಹೆರಿಗೆ ನೋವಿಗಿಂತ ಜಾಸ್ತಿ ಅಂತ ಬರೆದದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಆ ಹಾವಿನ ಚಿತ್ರ ನೋಡಿದ ಕೂಡಲೇ ನನಗೆ ಬೆಳಿಗ್ಗೆಯಿಂದ ಎದೆ ಹೊಡೆದುಕೊಳ್ಳುತ್ತಿದೆ. ಗೊತ್ತಿದ್ದವರನ್ನು ಮತ್ತೆ ಯಾಕೆ ಹೆದರಿಸುವುದು? ನನಗೆ ಸಕ್ಕರೆ ಕಾಯಿಲೆ ಉಂಟು, ಈ ಲಸಿಕೆ ತಗೊಳ್ಳಬಹುದಾ ಇಲ್ಲವಾ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅದು ಬಿಟ್ಟು ದಂಪತಿಗೆ ರಿಯಾಯಿತಿ ಅಂತೆ. ನಾನು ಯಾರನ್ನು ಕರೆದುಕೊಂಡು ಹೋಗಲಿ?

ದೊಡ್ಡಪ್ಪ: ನಾನು ಒಳ್ಳೆಯದಕ್ಕೇ ಕರೆದುಕೊಂಡು ಹೋದದ್ದು. ಆಗ ಯಾರೂ ಬೇಡ ಅನ್ನಲಿಲ್ಲ. ಈಗ ಎಲ್ಲರಿಗೂ ನಾನೊಬ್ಬ ಸಿಕ್ಕಿದೆ.

ದೊಡ್ಡಪ್ಪ ಗುಂಪು ಬಿಟ್ಟರು. ವರ್ಷಕ್ಕೊಮ್ಮೆಯಾದರೂ ಬಿಡುತ್ತಾರೆ. ಸಂಜೆ ಕಾಫಿಯ ನಂತರ ಮತ್ತೆ ಸೇರಿಸುವುದು ಅಡ್ಮಿನ್ ಆದ ನನ್ನ ಕೆಲಸ. ಚಿಕ್ಕಪ್ಪ ಅಷ್ಟರಲ್ಲಿ ಪೋಸ್ಟರ್ ಡಿಲೀಟ್ ಮಾಡಿದ್ದರು. ಅತ್ತೆಗೆ ಒಂದು ಮಾತೂ ಬರೆಯಲಿಲ್ಲ, ನೇರ ಫೋನ್ ಮಾಡಿದರಂತೆ. ಏನು ಮಾತಾಡಿದರೋ, ಇಬ್ಬರೂ ಹೇಳಲಿಲ್ಲ.

ಭಾನುವಾರ ಶಿಬಿರಕ್ಕೆ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಮಂಗಳವಾರ ಅತ್ತೆ ಮತ್ತೆ ಬರೆದರು. ಉಡುಪಿಯಲ್ಲಿ ಅವರ ಸಕ್ಕರೆ ನೋಡುವ ಡಾಕ್ಟರನ್ನೇ ಕೇಳಿದರಂತೆ. ತಗೊಳ್ಳಬಹುದು, ನಿಮ್ಮ ವಯಸ್ಸಿಗೆ ಒಳ್ಳೆಯದೇ, ಎರಡನೆಯ ಡೋಸ್ ಎರಡರಿಂದ ಆರು ತಿಂಗಳೊಳಗೆ ತಪ್ಪಿಸಬೇಡಿ, ಒಂದೆರಡು ದಿನ ಜ್ವರ ಬಂದರೆ ಗಾಬರಿ ಬೇಡ, ದುಡ್ಡು ಜಾಸ್ತಿ ಉಂಟು, ಯೋಚನೆ ಮಾಡಿ ಹೇಳಿ ಅಂದರಂತೆ.

ಬೊಂಬಾಯಿ ಚಿಕ್ಕಪ್ಪ: ನಾನು ಮೊದಲೇ ಹೇಳಿದ್ದೆ.

ವಿದ್ಯಾ: ನೀವು ಹೇಳಲಿಲ್ಲ ಚಿಕ್ಕಪ್ಪ, ಫಾರ್ವರ್ಡ್ ಮಾಡಿದ್ದು.

ದೊಡ್ಡಪ್ಪ: ಯಾವ ಡಾಕ್ಟರ್? ಅಜ್ಜರಕಾಡಿನವರಾ? ಅವರ ಅಪ್ಪ ನನ್ನ ಕ್ಲಾಸ್‌ಮೇಟ್.

ಪ್ರಕಾಶಣ್ಣ: ಅಜ್ಜರಕಾಡು ಅಂದ ಕೂಡಲೇ ನೆನಪಾಯಿತು...

ದೊಡ್ಡಪ್ಪ: ನೀನು ಸುಮ್ಮನಿರು. ತಂಗಿ, ಹೋಗುವ ದಿನ ಹೇಳು, ನಾನು ಕಾರು ತರುತ್ತೇನೆ. ನನಗೂ ಅವರ ಹತ್ತಿರ ಎರಡು ಮಾತು ಕೇಳಲಿಕ್ಕುಂಟು.

ಕಟಪಾಡಿ ಅತ್ತೆ: ಬಾ. ಬನದ ರಶೀದಿ ಪುಸ್ತಕ ಮಾತ್ರ ಅಲ್ಲಿಗೆ ತರಬೇಡ.