ಕರುಳು ಕಸಿ: ಭೇದಿಯೂ ಇದೆ, ಟ್ಯಾಕ್ರೋ ಲೆವೆಲ್ಲೂ ಏರಿದೆ. ರಿಜೆಕ್ಷನ್ ಅಲ್ಲ ಅನ್ನಬಹುದಾ?

ಜಯನಗರ_ಅಕ್ಕ:
ತಮ್ಮನಿಗೆ ಸಣ್ಣಕರುಳು ಕಸಿಯಾಗಿ ನಾಲ್ಕು ತಿಂಗಳು. ದೇಹ ಕಸಿಯನ್ನು ತಿರಸ್ಕರಿಸದಂತೆ (ರಿಜೆಕ್ಷನ್ ಆಗದಂತೆ) ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆ ಬೆಳಿಗ್ಗೆ 8, ರಾತ್ರಿ 8ಕ್ಕೆ. ರಕ್ತದಲ್ಲಿ ಅದರ ಲೆವೆಲ್ 10ರ ಆಸುಪಾಸಿನಲ್ಲಿರುತ್ತಿತ್ತು. ಎರಡು ದಿನದಿಂದ ಸ್ಟೋಮಾ (ಹೊಟ್ಟೆ ಮೇಲೆ ಕರುಳಿಗೆ ಮಾಡಿರುವ ಬಾಯಿ) ಬ್ಯಾಗ್ ದುಪ್ಪಟ್ಟು ತುಂಬ್ತಿದೆ, ಜ್ವರ ಇಲ್ಲ. ನಿನ್ನೆ ಲೆವೆಲ್ 17. ಇಷ್ಟು ಔಷಧಿ ರಕ್ತದಲ್ಲಿರುವಾಗ ರಿಜೆಕ್ಷನ್ ಆಗಲ್ಲ ಅಲ್ವಾ? ಡೋಸ್ ನಾವೇ ಇಳಿಸಬಹುದಾ?

ಔಷಧಿ_ಲೆಕ್ಕ:
ಎರಡಕ್ಕೂ ಇಲ್ಲ ಮೇಡಂ. ಈ ಔಷಧಿಯನ್ನು ಒಡೆಯುವ ಕಿಣ್ವ, ವಾಪಸ್ ಹೊರದೂಡುವ ಪಂಪು ಎರಡೂ ಕರುಳಿನ ಒಳಪದರದಲ್ಲೇ ಇವೆ. ಭೇದಿಯಲ್ಲಿ ಪದರ ಹಾಳಾದರೆ ತಡೆ ತಪ್ಪಿ ಔಷಧಿ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಪದರ ಹಾಳಾಗಲು ಸೋಂಕೂ ಕಾರಣವಿರಬಹುದು, ರಿಜೆಕ್ಷನ್ನೂ ಇರಬಹುದು. 17 ಅಂದರೆ ನಿರಾಳ ಅಂತಲ್ಲ. ಹಾಗಂತ ಏರಿದ ಲೆವೆಲ್ ಬಿಡುವಂತೆಯೂ ಇಲ್ಲ, ಕಿಡ್ನಿಗೆ ಪೆಟ್ಟು: ಕ್ರಿಯಾಟಿನಿನ್, ಪೊಟ್ಯಾಸಿಯಂ, ಮೆಗ್ನೀಷಿಯಂ ಕೂಡ ನೋಡಿಸಿ. ಎಳನೀರು ಸದ್ಯಕ್ಕೆ ಬೇಡ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಮನೆಯಲ್ಲಿ ಚಕ್ಕೋತ ತಿಂದಿದ್ದಾರಾ? ದೇವನಹಳ್ಳಿಯದ್ದು ಎಷ್ಟೇ ರುಚಿಯಾಗಿರಲಿ, ಅದೇ ಕಿಣ್ವವನ್ನು ತಡೆದು ಲೆವೆಲ್ ಏರಿಸುತ್ತದೆ. ಫ್ಲುಕೊನಜೋಲ್, ಕ್ಲಾರಿಥ್ರೊಮೈಸಿನ್ ಕೂಡ ಹಾಗೇ. ರಿಫಾಂಪಿಸಿನ್, ಫೆನಿಟಾಯಿನ್ ಲೆವೆಲ್ ಇಳಿಸುತ್ತವೆ, ಆಗ ರಿಜೆಕ್ಷನ್ ಅಪಾಯ.

ಎಂಡೋಸ್ಕೋಪಿ_ರೂಮ್:
ಕಿಡ್ನಿಗೆ ಕ್ರಿಯಾಟಿನಿನ್ ಇದ್ದ ಹಾಗೆ ಕರುಳಿಗೆ ನಂಬಬಹುದಾದ ರಕ್ತಪರೀಕ್ಷೆ ಇಲ್ಲ. ಕರುಳಿನ ಕಣಗಳು ತಯಾರಿಸುವ ಸಿಟ್ರುಲಿನ್ ಅನ್ನೋ ಅಮೈನೋ ಆಮ್ಲದ ಪ್ರಮಾಣ ಬರೀ ಸುಳಿವು. ಸ್ಟೋಮಾ ಮೂಲಕ ಸ್ಕೋಪ್ ಹಾಕಿ ಹಲವು ಜಾಗದಿಂದ ತುಣುಕು ತೆಗೆಯಬೇಕು, ರಿಜೆಕ್ಷನ್ ಅಲ್ಲೊಂದು ಇಲ್ಲೊಂದು ಇರುತ್ತದೆ. 10 ಕ್ರಿಪ್ಟ್‌ಗಳಲ್ಲಿ (ಕರುಳಿನ ಒಳಪದರದ ಸಣ್ಣ ಕುಳಿಗಳು) 6 ಅಥವಾ ಹೆಚ್ಚು ಸಾಯುತ್ತಿರುವ ಕಣ ಕಂಡರೆ ಸೌಮ್ಯ ರಿಜೆಕ್ಷನ್ ಅಂತ ಎಣಿಸುತ್ತಾರೆ. ಜೊತೆಗೆ ಮಲದಲ್ಲಿ ನೊರೊ, ಅಡೆನೊ ವೈರಸ್, ತುಣುಕಿನಲ್ಲಿ ಸಿಎಂವಿ (ಸೈಟೊಮೆಗಲೊವೈರಸ್) ಕೂಡ ನೋಡಬೇಕು. ಊಹೆಯಿಂದ ಮುಂದುವರಿಯುವ ಹಾಗಿಲ್ಲ: ರಿಜೆಕ್ಷನ್ ಆದರೆ ಮೀಥೈಲ್‌ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಏರಿಸುತ್ತಾರೆ, ಸೋಂಕಾದರೆ ರೋಗನಿರೋಧ ತಗ್ಗಿಸುವ ಔಷಧಿಯನ್ನೇ ಇಳಿಸುತ್ತಾರೆ. ಇವತ್ತೇ ಕಸಿ ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ಸ್ಟೋಮಾ ಕಪ್ಪಾದರೆ, ರಕ್ತ ಬಂದರೆ ಫೋನ್ ಬಿಟ್ಟು ನೇರ ಎಮರ್ಜೆನ್ಸಿಗೆ.

ಜಯನಗರ_ಅಕ್ಕ:
ಚಕ್ಕೋತ ತಿಂದಿಲ್ಲ. ಆದರೆ ಲ್ಯಾಬ್ ಹುಡುಗ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು 10ಕ್ಕೆ ಬಂದ. ಮಾತ್ರೆ 8ಕ್ಕೇ ಕೊಟ್ಟಿದ್ದೆವು.

ಔಷಧಿ_ಲೆಕ್ಕ:
ಅಯ್ಯೋ, ಹಾಗಾದರೆ 17 ಲೆಕ್ಕಕ್ಕೇ ಬರಲ್ಲ. ಮಾತ್ರೆ ನುಂಗಿ ಎರಡು ಗಂಟೆಗೆ ಲೆವೆಲ್ ತುದಿಯ ಹತ್ತಿರ ಇರುತ್ತದೆ. ಹಿಂದಿನ ರಾತ್ರಿಯ ಡೋಸ್ ಆಗಿ 12 ಗಂಟೆಗೆ, ಬೆಳಗಿನ ಮಾತ್ರೆಗೆ ಮುಂಚೆ ತೆಗೆದ ರಕ್ತವೇ ಬೇಕು. ನೇರಳೆ ಮುಚ್ಚಳದ ಟ್ಯೂಬ್. ಹುಡುಗ ತಡವಾದರೆ ಮಾತ್ರೆಯೂ ಕಾಯಲಿ. ಟೀಮ್‌ಗೆ ಫೋನ್ ಮಾಡುವಾಗ ಈ 10 ಗಂಟೆಯ ವಿಷಯ ಮೊದಲು ಹೇಳಿ, ಇಲ್ಲದಿದ್ದರೆ ಆ 17 ನೋಡಿ ಡೋಸ್ ಇಳಿಸಿಬಿಟ್ಟಾರು.