ಅಜ್ಜನ ಮನೆಯ ಹಲಸಿನ ಹಲಗೆಯಲ್ಲಿ ಊಟದ ಟೇಬಲ್: ಬಿಗಿಯುವುದು ಹೇಗೆ?

ಅಟ್ಟದಹಲಗೆ:
ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆ ಬಿಚ್ಚಿದಾಗ ಅಟ್ಟದ ನಾಲ್ಕು ಹಲಸಿನ ಹಲಗೆಗಳನ್ನು ಕೇಳಿ ತಂದೆ. ಒಂದೊಂದೂ ಆರೂವರೆ ಅಡಿ ಉದ್ದ, 9 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಜುಲೈ ಮಳೆಯಲ್ಲೇ ಟೆಂಪೋದಲ್ಲಿ ಬೆಂಗಳೂರಿಗೆ ಬಂದವು. ಮೂರು ವಾರದಿಂದ ಹಾಲ್ ಗೋಡೆಗೆ ಒರಗಿ ನಿಂತಿವೆ. ಹೆಂಡತಿ ಇನ್ನೂ ಏನೂ ಅಂದಿಲ್ಲ, ಅದೇ ಭಯ.

ಆರು ಜನ ಕೂರುವ ಟೇಬಲ್ ಮಾಡಬೇಕು. ಹಲಗೆಯ ಒಂದು ಮುಖದಲ್ಲಿ ಬಾಚಿಯಿಂದ ಕೆತ್ತಿದ ಗುರುತು ಹಾಗೇ ಇದೆ, ಬೆರಳಾಡಿಸಿದರೆ ಸಣ್ಣ ಸಣ್ಣ ತಗ್ಗು ಸಿಗುತ್ತದೆ. ಅಂಗಡಿಯವರು 'ರಸ್ಟಿಕ್' ಅಂತ ದುಬಾರಿ ಬೆಲೆಗೆ ಮಾರುವುದು ಇದನ್ನೇ ಅಲ್ವಾ? ಅದನ್ನು ಕಳೆಯಲು ಮನಸ್ಸಿಲ್ಲ. ನಾಲ್ಕನ್ನೂ ಅಂಟಿನಲ್ಲಿ ಜೋಡಿಸಿ, ಕೆಳಗೆ ಮೂರು ಅಡ್ಡಪಟ್ಟಿ ಕೊಟ್ಟು, ಅದಕ್ಕೂ ಅಂಟು ಹಾಕಿ ಸ್ಕ್ರೂ ಬಿಗಿದುಬಿಡುವುದು ಅಂತ ಲೆಕ್ಕ. ಕೈಲಿರುವುದು ಡ್ರಿಲ್, ಗರಗಸ, ಎರಡು ಉಳಿ, ಬಾಡಿಗೆ ಸ್ಯಾಂಡರ್. ತಪ್ಪಿದ್ದರೆ ಈಗಲೇ ಹೇಳಿ.

ಉಳಿಪೆಟ್ಟು:
ತಪ್ಪಿದೆ. ಅದೇ ತಪ್ಪು ನಾನೂ ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹಲಗೆಗಳನ್ನು ಗೋಡೆಯಿಂದ ಇಳಿಸಿ. ನೆಲದ ಮೇಲೆ ಮಲಗಿಸಿ, ನಡುನಡುವೆ ಒಂದೇ ದಪ್ಪದ ರೀಪು (ಸಣ್ಣ ಮರದ ಪಟ್ಟಿ) ಇಟ್ಟು ಪೇರಿಸಿ. ಮಲೆನಾಡಿನ ಮಳೆ ಇನ್ನೂ ಅದರ ಹೊಟ್ಟೆಯಲ್ಲಿದೆ. ಮಳೆಗಾಲ ಮುಗಿಯುವ ತನಕ ಮುಟ್ಟಬೇಡಿ. ಎಷ್ಟು ಹಳೆಯ ಮರವಾದರೂ ಗಾಳಿಯ ತೇವ ಕುಡಿಯುತ್ತದೆ, ಬಿಡುತ್ತದೆ. ಉದ್ದದಲ್ಲಿ ಗೊತ್ತಾಗುವುದಿಲ್ಲ. ಅಗಲದಲ್ಲಿ ಮಾತ್ರ, ಮೂರು ಅಡಿಯ ಟೇಬಲ್ ಮಳೆಗಾಲಕ್ಕೂ ಬೇಸಿಗೆಗೂ ಕಾಲಿಂಚು ಹೆಚ್ಚುಕಮ್ಮಿ ಆಗಬಹುದು.

ನಾನು ಅಡ್ಡಪಟ್ಟಿಗೆ ಅಂಟು, ಸ್ಕ್ರೂ ಎರಡೂ ಜಡಿದಿದ್ದೆ. ಮಾರ್ಚ್‌ನಲ್ಲಿ ಒಂದು ರಾತ್ರಿ ಹಾಲ್‌ನಲ್ಲಿ ಪಟಾಕಿ ಹೊಡೆದಂಥ ಸದ್ದು. ಎದ್ದು ಲೈಟ್ ಹಾಕಿದರೆ ನಡುವಿನ ಹಲಗೆ ಸೀಳಿತ್ತು, ಒಂದು ರೂಪಾಯಿ ನಾಣ್ಯ ತೂರುವಷ್ಟು. ಅಂಟು ಬಿಟ್ಟಿರಲಿಲ್ಲ, ಮರವೇ ಬಿಟ್ಟಿತ್ತು.

ಹಲಗೆಯ ಅಂಚಿಗೆ ಅಂಚು ಅಂಟಿಸಿ, ತೊಂದರೆಯಿಲ್ಲ. ಅಡ್ಡಪಟ್ಟಿಗೆ ಅಂಟು ಬೇಡವೇ ಬೇಡ. ಪಟ್ಟಿಯ ನಡುವಿನ ಸ್ಕ್ರೂ ಒಂದು ಗಟ್ಟಿಯಾಗಿರಲಿ. ಉಳಿದ ಕಡೆ ಪಕ್ಕಪಕ್ಕ ಎರಡು ತೂತು ಕೊರೆದು, ನಡುವಿನದನ್ನು ಉಳಿಯಿಂದ ತೆಗೆದು, ಪಟ್ಟಿಯ ಉದ್ದಕ್ಕೆ ಸೀಳುತೂತು ಮಾಡಿ. ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಮರ ಹಿಗ್ಗಿದಾಗ ಸ್ಕ್ರೂ ಅದರ ಜೊತೆ ಜರುಗುತ್ತದೆ.

ಎತ್ತರ 30 ಇಂಚು. ಕೆಳಗಿನ ಚೌಕಟ್ಟಿಗೂ ನೆಲಕ್ಕೂ 24 ಇಂಚು ಬಿಡಿ, ಇಲ್ಲದಿದ್ದರೆ ತೊಡೆ ತಾಗುತ್ತದೆ.

ಗೇರುತೋಟ:
ಸ್ಯಾಂಡರ್ ಹಚ್ಚುವ ಮೊದಲು ಅಯಸ್ಕಾಂತ ಆಡಿಸಿ. ಹಳೇ ಹಲಗೆಯಲ್ಲಿ ತಲೆ ಮುರಿದ ಮೊಳೆ ಇದ್ದೇ ಇರುತ್ತದೆ. ಕಪ್ಪು ಬಟ್ಟೆಯ ಮೇಲೆ ಕೆಲವು ದಿನ ಇಟ್ಟಾಗ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳು ಇರಬಹುದು, ಮೊದಲು ಅದಕ್ಕೆ ಔಷಧಿ.

ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮ ಕಡೆ ಅದನ್ನು ಮಾಡಿನ ಪಕ್ಕಾಸಿಗೆ ಬಳಿಯುತ್ತಾರೆ, ಮೈಗೆ ತಾಗಿದರೆ ಬೊಬ್ಬೆ ಬರುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಒರೆಸಿ. ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಸಾರನ್ನ:
ಮರಗೆಲಸ ನನಗೆ ಗೊತ್ತಿಲ್ಲ, ಟೇಬಲ್ ಒರೆಸುವುದು ಗೊತ್ತು. ನಮ್ಮ ಮನೆಯಲ್ಲೂ ಇಂಥದೇ ಒಂದು ಚಂದದ ಒರಟು ಟೇಬಲ್ ಇದೆ. ತಗ್ಗಿನಲ್ಲಿ ಅನ್ನದ ಅಗುಳು ಕೂತು ಒಣಗುತ್ತದೆ, ಚಮಚದ ಹಿಡಿಯಿಂದ ಕೆರೆಯಬೇಕು. ಲೋಟ ಕುಂಟುತ್ತದೆ. ಅರಿಶಿನದ ಕಲೆಗೆ ಹೆದರಬೇಡಿ, ಉಜ್ಜಿದ ಹಲಸು ಹೇಗೂ ಹಳದಿಯೇ. ನಿಮ್ಮ ಬಾಚಿ ಮುಖವನ್ನು ಕೆಳಗೆ ಮಾಡಿ.

ಅಟ್ಟದಹಲಗೆ:
ಎಲ್ಲರಿಗೂ ಥ್ಯಾಂಕ್ಸ್. ಹಲಗೆ ಮಲಗಿಸಿದೆ. ಅಯಸ್ಕಾಂತಕ್ಕೆ ಏಳು ಮೊಳೆ ಸಿಕ್ಕವು, ಪುಡಿ ಸದ್ಯಕ್ಕಿಲ್ಲ.

ಸಾರನ್ನ ಅವರೇ, ನೀರು ತುಂಬಿದ ಸ್ಟೀಲ್ ಲೋಟ ಇಟ್ಟು ನೋಡಿದೆ. ಕುಂಟಿತು. ಹಾಗಾಗಿ ಅಂಚಿನ ಎರಡು ಹಲಗೆ ನುಣುಪು ಮುಖ ಮೇಲೆ, ಅಲ್ಲಿ ತಟ್ಟೆ ಲೋಟ. ನಡುವಿನ ಎರಡಕ್ಕೆ ಬಾಚಿ ಮುಖ, ಅಲ್ಲಿ ಪಾತ್ರೆಗಳಷ್ಟೇ. ಮಳೆಗಾಲ ಮುಗಿಯುವ ತನಕ ಕಾಯಬೇಕಂತೆ ಅಂದಾಗ ಹೆಂಡತಿ ಕೊನೆಗೂ ಬಾಯಿ ಬಿಟ್ಟಳು. ಏನಂದಳು ಅಂತ ಇಲ್ಲಿ ಬರೆಯುವುದು ಬೇಡ.

ಕಾಲಿಗೆ ಮತ್ತಿ ಮರ ಸಿಕ್ಕರೆ ಆಗಬಹುದಾ?